ಸಣ್ಣ ಬಿ, ದೊಡ್ಡ ಬಿ

ಬೆಂಗಳೂರಿನ ಗೋವಿಂದರಾಜನಗರ, ವಿಜಯನಗರದ ಕಡೆಯ ಸ್ಟುಡಿಯೊಗಳಿಗೆ ನೌಕರಿಗೆ ಅರ್ಜಿ ಹಾಕುವ ಹುಡುಗರು ಬಂದರೆ ಕೇಳುವುದು ಒಂದೇ ಮಾತು: ‘ಅಣ್ಣ, ಫೋಟೊ 50 ಕೆಬಿ ಒಳಗೆ ಮಾಡಿಕೊಡಿ.’ ಆ ಬಿ ಸಣ್ಣದೋ ದೊಡ್ಡದೋ ಎಂದು ಯಾರೂ ವಿಚಾರಿಸುವುದಿಲ್ಲ. ಫೈಲನ್ನು ಅಳೆಯುವುದು ಬೈಟ್‌ಗಳಲ್ಲೇ. ಅದಕ್ಕೆ ದೊಡ್ಡ ಬಿ.

ಮದುವೆಯ 40 ಜಿಬಿ ಫೋಟೊಗಳನ್ನು ಆಲ್ಬಂ ಮಾಡುವವರಿಗೆ ಕಳಿಸಲು ಕೂತಾಗ ಪೇಚಾಟ ಶುರು. ಇಂಟರ್‌ನೆಟ್ ಪ್ಯಾಕಿನ ವೇಗ ಹೇಳುವ ‘100 ಎಂಬಿ’ಯ ಬಿ ಸಣ್ಣದು, ಅಂದರೆ ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಹೋಗುವುದು ಹೆಚ್ಚೆಂದರೆ 12.5 ಮೆಗಾಬೈಟ್. ಏಳು ನಿಮಿಷದಲ್ಲಿ ಮುಗಿಯುತ್ತದೆ ಅಂದುಕೊಂಡ ಕೆಲಸಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಮೆಮೊರಿ ಕಾರ್ಡಿನ ಮೇಲೆ ವಿ30 ಎಂದಿದ್ದರೆ ಮಾತ್ರ ಅದು ಸೆಕೆಂಡಿಗೆ 30 ಮೆಗಾಬೈಟ್, ದೊಡ್ಡ ಬಿಯದೇ.

ಲೆನ್ಸ್‌ನ ಲೆಕ್ಕ ಇನ್ನೂ ಮಜವಾಗಿದೆ. 50 ಎಂಎಂನ ಮೊದಲ ಎಂ ದೊಡ್ಡಕ್ಷರವಾದರೆ ಅದು ಮೆಗಾಮೀಟರ್. 50,000 ಕಿ.ಮೀ., ಭೂಮಿಯ ಸುತ್ತಳತೆಗಿಂತ ಜಾಸ್ತಿ! ವೈಟ್ ಬ್ಯಾಲೆನ್ಸ್‌ನಲ್ಲಿ 5500ರ ಮುಂದೆ ಬರುವ ಕೆ ದೊಡ್ಡದು, ವಿಜ್ಞಾನಿ ಲಾರ್ಡ್ ಕೆಲ್ವಿನ್ ಹೆಸರಿನದು. ಕಿಲೋಮೀಟರಿನ ಕೆ ಸಣ್ಣದು.

ಎಲ್ಲ ದೊಡ್ಡಕ್ಷರಕ್ಕೂ ಇಂಥ ಕಾರಣವಿಲ್ಲ. ಜೆಪೆಗ್ ಎಂಬುದು ಜಾಯಿಂಟ್ ಫೋಟೊಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್ ಎಂಬ ತಜ್ಞರ ತಂಡದ ಮೊದಲಕ್ಷರಗಳು. ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯುವುದು ಸರಿ. ‘ರಾ’ ಫೈಲ್ ಹಾಗಲ್ಲ. ಸೆನ್ಸರ್ ಹಿಡಿದ ಹಸಿ ಮಾಹಿತಿ, ಅಷ್ಟೆ. ಜೆಪೆಗ್‌ನ ಪಕ್ಕ ಕೂತು ಕೂತು ಅದಕ್ಕೂ ದೊಡ್ಡಕ್ಷರದ ಚಾಳಿ ಅಂಟಿದೆ.

ಫೈಲ್ ಹೆಸರಿನಲ್ಲೂ ತಕರಾರುಂಟು. ಬಹಳಷ್ಟು ಕ್ಯಾಮೆರಾಗಳು ಹೆಸರಿನ ಕೊನೆಯ ಜೆಪಿಜಿಯನ್ನು ದೊಡ್ಡಕ್ಷರದಲ್ಲೇ ಬರೆಯುತ್ತವೆ. ವಿಂಡೋಸ್ ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಲಿನಕ್ಸ್ ಸರ್ವರಿಗೆ ದೊಡ್ಡಕ್ಷರದ್ದೇ ಬೇರೆ ಫೈಲು, ಸಣ್ಣಕ್ಷರದ್ದೇ ಬೇರೆ.

‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವ ಡಿಟಿಪಿಯವರಿಗೆ ಶಿಫ್ಟ್ ಕೀಲಿಯ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆಯಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಮರೆತರೆ ಬ್ಯಾನರಿನಲ್ಲಿ ಹಳ್ಳಿ ಹೋಗಿ ಹಲ್ಲಿ ಬರುತ್ತದೆ. ಆದರೆ ಅಳತೆಯ ವಿಷಯದಲ್ಲಿ ಕನ್ನಡದ ಅಚ್ಚಿಗೆ ಸಣ್ಣಕ್ಷರ, ದೊಡ್ಡಕ್ಷರದ ಅನುಕೂಲವಿಲ್ಲ. ಬಿಟ್ಟಿಗೂ ಬೈಟಿಗೂ ಅದೇ ‘ಎಂಬಿ’. ಪತ್ರಿಕೆಯವರು ವೇಗ ಹೇಳುವಾಗ ಮೆಗಾಬಿಟ್, ಫೈಲಿನ ಗಾತ್ರ ಹೇಳುವಾಗ ಮೆಗಾಬೈಟ್ ಎಂದು ಪೂರ್ತಿ ಬರೆದರೆ ಎರಡಕ್ಷರ ಹೆಚ್ಚಾದೀತು, ಓದುಗರಿಗೆ ಎಂಟು ಪಟ್ಟಿನ ಮೋಸ ತಪ್ಪುತ್ತದೆ.