ಹೊಲಿಗೆಯ ಸಾಲಿನಲ್ಲಿ ತಿಗಣೆ ಮೊಟ್ಟೆ

ಲಕ್ಷ್ಮಿ ಕಮಲದಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲ್ಗಡಲಿನಲ್ಲಿ ಮಲಗುವುದು ತಿಗಣೆಗೆ ಹೆದರಿಯೇ ಇರಬೇಕು ಎನ್ನುತ್ತದೆ ಹಳೆಯ ಸಂಸ್ಕೃತ ಸುಭಾಷಿತವೊಂದು. ಕಾಟ ಅಷ್ಟು ಹಳೆಯದು. ಈಗ ಅದು ಪಿ.ಜಿ., ಹಾಸ್ಟೆಲು, ಲಾಡ್ಜುಗಳಿಂದ ಬ್ಯಾಗು ಏರಿ ಮನೆಗೆ ಬರುತ್ತದೆ. ಓಡಾಡುವ ತಿಗಣೆ ಕಣ್ಣಿಗೆ ಬಿದ್ದರೆ ಹೊಸಕಿ ಹಾಕುತ್ತೇವೆ. ಕಣ್ತಪ್ಪಿಸಿ ಒಳಗೆ ಬರುವುದು ಬಟ್ಟೆಗೆ ಅಂಟಿದ ಮೊಟ್ಟೆ. ಅದನ್ನು ಕೊಲ್ಲದೆ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಗುರುತು ಹಿಡಿಯುವುದು ಹೇಗೆ?

ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಬದುಕಿರುವಷ್ಟು ಕಾಲದಲ್ಲಿ ಇನ್ನೂರು ದಾಟುವುದೂ ಉಂಟು. ಒಂದೊಂದೂ ಸುಮಾರು 1 ಮಿಲಿಮೀಟರ್ ಉದ್ದ, ಗಸಗಸೆ ಕಾಳಿನಷ್ಟು. ಬಣ್ಣ ಮುತ್ತಿನ ಬಿಳುಪು, ಆಕಾರ ಕೊಂಚ ನೀಳ, ಒಂದು ತುದಿಯಲ್ಲಿ ಪುಟ್ಟ ಮುಚ್ಚಳ. ಐದಾರು ದಿನ ಕಳೆದ ಮೊಟ್ಟೆಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಒಳಗಿನ ಮರಿಯ ಕಣ್ಣು ಕೆಂಪು ಚುಕ್ಕೆಯಾಗಿ ಕಾಣುತ್ತದೆ. ನಮ್ಮ ಹವೆಯಲ್ಲಿ ಆರರಿಂದ ಹತ್ತು ದಿನಕ್ಕೆ ಅದು ಒಡೆಯುತ್ತದೆ. ಮರಿ ಹೊರಬಿದ್ದ ಮೇಲೂ ಖಾಲಿ ಚಿಪ್ಪು ಅಲ್ಲೇ ಅಂಟಿಕೊಂಡಿರುತ್ತದೆ.

ಹುಡುಕಬೇಕಾದದ್ದು ಬಟ್ಟೆಯ ಮೇಲ್ಮೈಯಲ್ಲಲ್ಲ. ಕಾಲರಿನ ಕೆಳಗೆ, ಜೇಬಿನ ಮೂಲೆಯಲ್ಲಿ, ಗುಂಡಿಪಟ್ಟಿಯ ಹಿಂದೆ, ಪ್ಯಾಂಟಿನ ಸೊಂಟಪಟ್ಟಿಯಲ್ಲಿ, ಸೀರೆಯ ಫಾಲ್ಸ್ ಅಂಚಿನಲ್ಲಿ ನೋಡಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಮೊಟ್ಟೆ ಮಿನುಗುತ್ತದೆ. ಬೆರಳಿನಿಂದ ಸವರಿ: ನೂಲಿನ ಕಸವಾದರೆ ಜರುಗುತ್ತದೆ, ಮೊಟ್ಟೆಯಾದರೆ ಜಗ್ಗುವುದಿಲ್ಲ. ತಾಯಿ ಅದನ್ನು ಅಂಟಿನಿಂದ ಕೂರಿಸಿರುತ್ತದೆ. ಆಸುಪಾಸಿನಲ್ಲಿ ಮಸಿಚುಕ್ಕೆಗಳಿದ್ದು, ಒದ್ದೆ ಬಟ್ಟೆಯಿಂದ ಒರೆಸಿದಾಗ ಅವು ಕದಡಿದರೆ ಅದು ತಿಗಣೆಯ ಹಿಕ್ಕೆ.

ಬಟ್ಟೆಯ ಹೊಲಿಗೆಯಲ್ಲಿ ಮೊಟ್ಟೆ ಇಡುವ ಇನ್ನೊಂದು ಜೀವಿ ಕೂರೆ. ಆದರೆ ಕೂರೆ ಮೈಮೇಲಿನ ಬಟ್ಟೆಯಲ್ಲೇ ಬಾಳುತ್ತದೆ, ಬಟ್ಟೆ ಬದಲಿಸಿ ಒಗೆಯುವವರಲ್ಲಿ ಅದು ಅಪರೂಪ. ತಿಗಣೆ ರಕ್ತ ಹೀರಿ ಬಿರುಕಿಗೆ ಮರಳುತ್ತದೆ. ಹಾಗಾಗಿ ದಿನವೂ ತೊಡುವ ಅಂಗಿಗಿಂತ ಮಂಚದ ಬಳಿ ಬಿದ್ದಿರುವ ಬಟ್ಟೆ ರಾಶಿ, ಟ್ರಂಕಿನ ಅಡಿ, ಬ್ಯಾಗಿನ ಝಿಪ್ಪಿನ ಅಂಚು ಅದಕ್ಕೆ ಹೆಚ್ಚು ಒಗ್ಗುತ್ತವೆ. ತೊಟ್ಟು ಬಿಚ್ಚಿದ ಬಟ್ಟೆಯತ್ತ ತಿಗಣೆಗಳು ಒಗೆದ ಬಟ್ಟೆಗಿಂತ ಸುಮಾರು ಎರಡು ಪಟ್ಟು ಹೆಚ್ಚು ಸರಿಯುತ್ತವೆ ಎಂದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದರು. ಮೈವಾಸನೆಯೇ ಅವುಗಳಿಗೆ ದಾರಿ.

ನೆನೆಹಾಕಿದರೆ ಸಾಲದು

ರಾತ್ರಿ ಸೋಪುಪುಡಿಯಲ್ಲಿ ನೆನೆಹಾಕಿ ಬೆಳಿಗ್ಗೆ ಒಗೆದರೆ ಎಲ್ಲ ಸತ್ತಿತು ಎಂಬುದು ನಮ್ಮ ನಂಬಿಕೆ. 2010ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ನೇಯ್ಲರ್ ಮತ್ತು ಕ್ಲೈವ್ ಬೋಸ್ ಇದನ್ನು ಪರೀಕ್ಷೆಗೆ ಒಡ್ಡಿದರು. ತಣ್ಣೀರಿನಲ್ಲಿ 24 ಗಂಟೆ ಮುಳುಗಿಸಿದಾಗ ದೊಡ್ಡ ತಿಗಣೆ, ಮರಿ ಎಲ್ಲವೂ ಸತ್ತವು, ಮೊಟ್ಟೆಗಳು ಮಾತ್ರ ಉಳಿದವು. 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದಾಗ ಸತ್ತ ಮೊಟ್ಟೆಗಳು ಕಾಲು ಭಾಗ. 60 ಡಿಗ್ರಿಯಲ್ಲಿ ಒಗೆದಾಗ ಒಂದೂ ಉಳಿಯಲಿಲ್ಲ.

ಆದ್ದರಿಂದ ಕೆಲಸಕ್ಕೊಂದು ಕ್ರಮವಿರಲಿ. ಶಂಕೆಯ ಬಟ್ಟೆಯನ್ನು ಕೊಡವಬೇಡಿ. ಇದ್ದಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯಿರಿ. ಹತ್ತಿ ಬಟ್ಟೆಗಳನ್ನು ವಾಷಿಂಗ್ ಮೆಷಿನ್ನಿನಲ್ಲಿ 60 ಡಿಗ್ರಿಗೆ ಇಡಿ. ಮೆಷಿನ್ ಇಲ್ಲದಿದ್ದರೆ ದೊಡ್ಡ ಪಾತ್ರೆಯಲ್ಲಿ ಬಟ್ಟೆ ಮುಳುಗುವಷ್ಟು ಕುದಿನೀರು ಸುರಿದು, ಕೋಲಿನಿಂದ ಒತ್ತಿ, ಮುಚ್ಚಿ ಅರ್ಧ ಗಂಟೆ ಬಿಡಿ. ಮಕ್ಕಳು ಹತ್ತಿರ ಸುಳಿಯದಿರಲಿ. ಡ್ರೈಯರ್ ಇರುವವರು ಒಣಬಟ್ಟೆಯನ್ನೇ ಹೆಚ್ಚಿನ ಬಿಸಿಯಲ್ಲಿ 30 ನಿಮಿಷ ತಿರುಗಿಸಿದರೂ ಸಾಕು. ಶುದ್ಧವಾದದ್ದನ್ನು ಹೊಸ ಚೀಲದಲ್ಲಿಡಿ, ಹಳೆಯ ಚೀಲವನ್ನು ಕಟ್ಟಿ ಹೊರಗೆಸೆಯಿರಿ.

ರೇಷ್ಮೆ, ಉಣ್ಣೆ, ಕೌದಿ

ಬಿಸಿನೀರು ತಾಳದ ರೇಷ್ಮೆ ಸೀರೆ, ಶಾಲುಗಳಿಗೆ ಡ್ರೈಕ್ಲೀನಿಂಗ್ ಆಗುತ್ತದೆ. ಅಂಗಡಿಯವರಿಗೆ ವಿಷಯ ತಿಳಿಸಿ, ಚೀಲದ ಬಾಯಿ ಕಟ್ಟಿಯೇ ಕೊಡಿ. ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟುವುದಾದರೆ ಬಟ್ಟೆಯನ್ನು ಸಡಿಲವಾಗಿ ಚೀಲಕ್ಕೆ ಹಾಕಿ ನಾಲ್ಕು ದಿನ ಇಡಬಹುದು. ಗಂಟು ಕಟ್ಟಿ ತುರುಕಿದರೆ ನಡುವಿಗೆ ಚಳಿ ತಲುಪುವುದು ನಿಧಾನ. ಅಂಚು, ಹೊಲಿಗೆಗಳ ಮೇಲೆ ಉಗಿಯ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆ ತಾಳುವಷ್ಟು ಬಿಸಿಯಲ್ಲಿ ನಿಧಾನವಾಗಿ, ಎರಡೂ ಮಗ್ಗುಲಿಂದ ಎಳೆಯಿರಿ.

ಕೌದಿಯ ವಿಷಯ ಬೇರೆ. ಪದರ ಪದರವಾಗಿ ಜೋಡಿಸಿ ಸಾವಿರಾರು ಹೊಲಿಗೆ ಹಾಕಿದ ಹೊದಿಕೆಯದು. ಬಿಸಿಲಿಗೆ ಹಾಸಿದರೆ ಮೇಲ್ಪದರ ಕಾಯುತ್ತದೆ, ಒಳಪದರ ತಣ್ಣಗೇ ಇರುತ್ತದೆ. 45 ಡಿಗ್ರಿಯಲ್ಲೂ ಮೊಟ್ಟೆ ಗಂಟೆಗಟ್ಟಲೆ ಬದುಕಬಲ್ಲದು. ಕೌದಿಗೆ ಕುದಿನೀರೇ ಆಗಬೇಕು.

ವಿಷದ ಆತುರ ಬೇಡ

ನುಸಿಗುಳಿಗೆ, ಕರ್ಪೂರಗಳ ವಾಸನೆಗೆ ಮೊಟ್ಟೆ ಜಗ್ಗುವುದಿಲ್ಲ. ಸೀಮೆಎಣ್ಣೆ ಬೆಂಕಿಗೆ ಆಹ್ವಾನ. ಕೀಟನಾಶಕವನ್ನು ತೊಡುವ ಬಟ್ಟೆಗೆ, ಹೊದಿಕೆಗೆ ಸಿಂಪಡಿಸಿದರೆ ವಿಷ ನಮ್ಮ ಚರ್ಮಕ್ಕೇ ತಾಗುತ್ತದೆ. ಕಾಳಿನ ಮೂಟೆಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮಲಗುವ ಮನೆಗೆ ತರಲೇಬಾರದು. ಅದರಿಂದ ಹೊಮ್ಮುವ ಫಾಸ್ಫೀನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ತಿಗಣೆಯೋ ವಿಷಕ್ಕೆ ಬೇಗ ಒಗ್ಗುವ ಜಾತಿ: ಡಿ.ಡಿ.ಟಿ.ಗೆ ಬಗ್ಗದ ತಿಗಣೆಗಳು 1947ರಲ್ಲೇ ಹವಾಯಿಯಲ್ಲಿ ಕಂಡಿದ್ದವು. ತಿಗಣೆಯ ಕಡಿತದಿಂದ ತುರಿಕೆ, ನಿದ್ದೆಗೇಡು ಉಂಟಾಗುತ್ತದೆ, ಆದರೆ ಅದು ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದು ಸಾಬೀತಾಗಿಲ್ಲ. ಪ್ರಾಣಕ್ಕೆ ಎರವಾಗುವ ಮದ್ದನ್ನು ತರುವಷ್ಟು ದೊಡ್ಡ ಶತ್ರು ಇದಲ್ಲ.

ಮಂಚ, ಗೋಡೆಯ ಬಿರುಕುಗಳಿಗೆ ಔಷಧಿ ಹೊಡೆಸುವುದಾದರೆ ತಿಳಿದವರಿಂದಲೇ ಮಾಡಿಸಿ. ಬಹುಪಾಲು ಔಷಧಿಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲವಾದ್ದರಿಂದ ಎರಡು ವಾರದ ನಂತರ ಮತ್ತೊಮ್ಮೆ ಹೊಡೆಸಬೇಕು. ಅಷ್ಟರಲ್ಲಿ ಉಳಿದ ಮೊಟ್ಟೆಗಳು ಒಡೆದಿರುತ್ತವೆ, ಮರಿಗಳು ಬಲಿತು ಮೊಟ್ಟೆ ಇಡುವಷ್ಟು ಕಾಲ ಕಳೆದಿರುವುದಿಲ್ಲ. ಈ ಎರಡನೇ ಸರದಿಯನ್ನು ಬಿಟ್ಟರೆ ಕಾಟ ಮೊದಲಿನಿಂದ ಶುರು.

ಮುಚ್ಚಿಟ್ಟರೆ ಹಬ್ಬುತ್ತದೆ

ತಿಗಣೆ ಎಂದರೆ ಕೊಳಕು ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಆದರೆ ತಿಗಣೆಗೆ ಬೇಕಾದದ್ದು ಬೆಚ್ಚನೆಯ ರಕ್ತ ಮತ್ತು ಅಡಗಲು ಒಂದು ಸಂದು. ಎರಡೂ ಬಂಗಲೆಯಲ್ಲೂ ಸಿಗುತ್ತವೆ. ಆದರೂ ಹುಡುಗಿಯೊಬ್ಬಳು ವಾರ್ಡನ್‌ಗೆ ಹೇಳಲು ನಾಚುತ್ತಾಳೆ, ಬಾಡಿಗೆದಾರ ಮಾಲೀಕರ ಬೈಗುಳಕ್ಕೆ ಹೆದರಿ ಸುಮ್ಮನಾಗುತ್ತಾನೆ. ಆ ಮೌನದ ವಾರಗಳಲ್ಲಿ ಒಂದು ಕೋಣೆಯ ಕಾಟ ಇಡೀ ಕಟ್ಟಡದ್ದಾಗುತ್ತದೆ.

ರಜೆಗೆ ಬಂದ ಮಕ್ಕಳ ಮೈಮೇಲೆ ಸಾಲು ಗಂದೆ ಕಂಡರೆ ಗದರಿಸಬೇಡಿ. ಬ್ಯಾಗನ್ನು ಹಾಸಿಗೆಯ ಮೇಲೆ ಇಡದೆ ನೇರವಾಗಿ ಬಚ್ಚಲಿಗೆ ಒಯ್ಯಿರಿ, ನೀರು ಕಾಯಿಸಿ. ಮರಳುವಾಗ ಅವರ ಕೋಣೆಯ ಜೊತೆಗಾರರಿಗೂ ವಿಷಯ ತಿಳಿಸಲು ಹೇಳಿ ಕಳಿಸಿ. ಎಲ್ಲರೂ ಒಂದೇ ವಾರದಲ್ಲಿ ಬಟ್ಟೆ ಕುದಿಸಿದಾಗ ಮಾತ್ರ ಆ ಕೋಣೆಯಲ್ಲಿ ನೆಮ್ಮದಿಯ ನಿದ್ದೆ ಸಾಧ್ಯ.