ಸರ್ವರ್ ಕೋಣೆಯ ಗಾಳಿ

ತುಮಕೂರಿನ ಸಮೀಪದ ಹಿರೇಹಳ್ಳಿಯ ರೈತನು ಬೆಳೆಸಾಲ ಪಡೆಯಬೇಕಾದರೆ ಪಹಣಿಯನ್ನು ತೋರಿಸಬೇಕು. ಹಿಂದೆ ಪಹಣಿಯು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. 2000ನೆಯ ಇಸವಿಯ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆಯಿಂದ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಈಗ ಪಹಣಿಯನ್ನು ಕೇಳಿದೊಡನೆ, ದೂರದ ಕೋಣೆಯೊಂದರಲ್ಲಿ ಹಗಲಿರುಳೂ ದುಡಿಯುವ ಸರ್ವರ್ ಎಂಬ ಯಂತ್ರವು ಅದನ್ನು ಒದಗಿಸುತ್ತದೆ. ಆ ಕೋಣೆಯು ಅತಿಯಾಗಿ ಕಾದರೆ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತದೆ. ರೈತನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಸರ್ವರ್ ಭಾರವನ್ನೆತ್ತುವುದಿಲ್ಲ, ಬಂಡಿಯನ್ನೆಳೆಯುವುದಿಲ್ಲ. ಅದು ಬಳಸಿದ ವಿದ್ಯುತ್ತೆಲ್ಲವೂ ಕಡೆಗೆ ಉಷ್ಣವಾಗಿಯೇ ಹೊರಬೀಳುತ್ತದೆ. ತಲಾ 500 ವಾಟ್ ಬಳಸುವ ಹತ್ತು ಸರ್ವರುಗಳ ಕಪಾಟೊಂದಿದ್ದರೆ, ಮುಚ್ಚಿದ ಕೋಣೆಯಲ್ಲಿ 1000 ವಾಟಿನ ಐದು ವಿದ್ಯುತ್ ಒಲೆಗಳನ್ನು ಹೊತ್ತಿಸಿಟ್ಟಂತೆಯೇ ಸರಿ. ಈ ಉಷ್ಣವನ್ನು ಹೊತ್ತೊಯ್ಯುವ ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ಸೆಕೆಂಡಿಗೆ ಸುಮಾರು ಅರ್ಧ ಘನಮೀಟರ್ ಗಾಳಿ ಹರಿಯಬೇಕು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ತುಮಕೂರಿನ ಗಾಳಿಯು ಮಂಗಳೂರಿನ ಗಾಳಿಗಿಂತ ತೆಳುವಾದುದು; ಆದುದರಿಂದ ಇಲ್ಲಿ ಬೀಸಣಿಗೆಗಳು ತುಸು ಹೆಚ್ಚಾಗಿಯೇ ದುಡಿಯಬೇಕು.

ಕೋಣೆ ಕಾದಾಗ ಹವಾನಿಯಂತ್ರಣ ಯಂತ್ರವನ್ನು ಇನ್ನಷ್ಟು ತಂಪಿಗೆ ತಿರುಗಿಸುವುದೇ ಹಲವರಿಗೆ ತೋಚುವ ಉಪಾಯ. ಆದರೆ ಅನೇಕ ವೇಳೆ ಕೊರತೆ ಇರುವುದು ತಂಪಿನಲ್ಲಲ್ಲ, ಅದು ಹರಿಯುವ ದಾರಿಯಲ್ಲಿ. ಕಾಲುವೆಯ ಏರಿಯಲ್ಲಿ ಇಲಿಬಿಲಗಳಿದ್ದರೆ, ಬಾವಿಯಿಂದ ಎಷ್ಟು ನೀರೆತ್ತಿದರೂ ತೋಟದ ಕೊನೆಯ ಅಡಕೆಮರವನ್ನು ಅದು ಮುಟ್ಟುವುದೇ? ಸರ್ವರ್ ತನ್ನ ಮುಂಭಾಗದಿಂದ ತಂಪುಗಾಳಿಯನ್ನು ಸೆಳೆದುಕೊಂಡು ಹಿಂಭಾಗದಿಂದ ಬಿಸಿಗಾಳಿಯನ್ನು ಬಿಡುತ್ತದೆ. ಕಪಾಟುಗಳನ್ನು ತರಗತಿಯ ಬೆಂಚುಗಳಂತೆ ಒಂದೇ ದಿಕ್ಕಿಗೆ ನಿಲ್ಲಿಸಿದರೆ, ಮುಂದಿನ ಸಾಲು ಬಿಟ್ಟ ಬಿಸಿಯುಸಿರನ್ನೇ ಹಿಂದಿನ ಸಾಲು ಸೇವಿಸಬೇಕಾಗುತ್ತದೆ. ಆದಕಾರಣ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ಜೋಡಿಸುತ್ತಾರೆ. ಮುಖಗಳ ನಡುವಿನದು ತಂಪು ಓಣಿ. ಬೆನ್ನುಗಳ ನಡುವಿನದು ಬಿಸಿ ಓಣಿ. ತಂಪುಗಾಳಿಯನ್ನು ಮೊದಲನೆಯದಕ್ಕೆ ಮಾತ್ರ ಬಿಟ್ಟು, ಎರಡನೆಯದರಲ್ಲಿ ಮೇಲೇರುವ ಬಿಸಿಗಾಳಿಯನ್ನು ಹವಾನಿಯಂತ್ರಣ ಯಂತ್ರಕ್ಕೆ ಮರಳಿಸುತ್ತಾರೆ. ಕಪಾಟಿನ ಖಾಲಿ ಅರೆಗಳನ್ನು ತಗಡಿನಿಂದ ಮುಚ್ಚುತ್ತಾರೆ. ತಗಡಿನ ಬೆಲೆ ಅಲ್ಪ; ಅದನ್ನು ಮರೆತಾಗ ತೆರಬೇಕಾದ ವಿದ್ಯುತ್ ಶುಲ್ಕವು ಅಲ್ಪವಲ್ಲ. ಹೀಗೆ ಬಿಸಿ ತಂಪುಗಳ ಬೆರಕೆ ತಪ್ಪಿದರೆ, ಯಂತ್ರದ ಮುಂದೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಿದ್ದರೆ ಸಾಕು.

ವಿದ್ಯುತ್ತು ನಿಂತಾಗ ಅಪಾಯವು ಇನ್ನೊಂದು ಬಗೆಯದು. ಬ್ಯಾಟರಿಯ ಬಲದಿಂದ ಸರ್ವರ್ ನಡೆಯುತ್ತಲೇ ಇರುತ್ತದೆ, ಉಷ್ಣವನ್ನು ಚೆಲ್ಲುತ್ತಲೇ ಇರುತ್ತದೆ. ಹವಾನಿಯಂತ್ರಣ ಯಂತ್ರಕ್ಕೆ ಆ ಬಲವಿಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಕೋಣೆಯು ಕಾದುಹೋಗುತ್ತದೆ.

ಕಪಾಟಿನಲ್ಲಿ ಯಂತ್ರಗಳು ಇನ್ನೂ ದಟ್ಟವಾದಾಗ ಗಾಳಿಯೊಂದೇ ಸಾಲದು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಉಷ್ಣವನ್ನು ಹೊರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ 'ಕ್ರೇ ಎಕ್ಸ್‌ಸಿ40' ಮಹಾಗಣಕದಲ್ಲಿ ಗಾಳಿಯು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಲಾಗಿ ಬೀಸುವ ಏರ್ಪಾಡಿತ್ತು. ಒಂದು ಕಪಾಟನ್ನು ಹಾದು ಬಿಸಿಯಾದ ಗಾಳಿಯು ತಣ್ಣೀರಿನ ಕೊಳವೆಗಳ ನಡುವೆ ನುಸುಳಿ, ತನ್ನ ಬಿಸಿಯನ್ನು ಅಲ್ಲಿಯೇ ಇಳಿಸಿ, ತಂಪಾಗಿ ಮುಂದಿನ ಕಪಾಟನ್ನು ಸೇರುತ್ತಿತ್ತು.