ನಿಮಗಿದು ಗೊತ್ತೆ? ಮಂಡಿ ನೋವಿನ ಮೂಲ ಸೊಂಟದಲ್ಲೂ ಇರಬಹುದು!

● ಹೈಸ್ಕೂಲಿಗೆ ಹೋಗುವ ಮಗ ಮಂಡಿ ನೋವೆಂದು ಕುಂಟುತ್ತಿದ್ದರೆ, ತೊಂದರೆ ಕೆಲವೊಮ್ಮೆ ಸೊಂಟದ ಕೀಲಿನಲ್ಲಿರುತ್ತದೆ.

● 10ರಿಂದ 16ರ ವಯಸ್ಸಿನಲ್ಲಿ ತೊಡೆಮೂಳೆಯ ತಲೆಯ ಬುಡದಲ್ಲಿರುವ ಬೆಳವಣಿಗೆ ಪದರ ಸಡಿಲಗೊಂಡು ಮೂಳೆ ಜಾರಬಹುದು. ಹುಡುಗರಲ್ಲಿ, ತೂಕ ಹೆಚ್ಚಿರುವವರಲ್ಲಿ ಇದು ಜಾಸ್ತಿ. ಥೈರಾಯ್ಡ್ ಕೊರತೆಯೂ ಕಾರಣವಾದೀತು.

● ಸುಳಿವು: ಪಾದ ಹೊರಕ್ಕೆ ತಿರುಗಿರುತ್ತದೆ, ಮಲಗಿಸಿ ತೊಡೆ ಮಡಚಿದರೆ ಕಾಲು ತಾನಾಗಿ ಹೊರಕ್ಕೆ ವಾಲುತ್ತದೆ.

● ಮಂಡಿಯ ಎಕ್ಸ್‌ರೇ ಸಾಲದು. ಎರಡೂ ಸೊಂಟದ ಎಕ್ಸ್‌ರೇಯನ್ನು ಮುಂದಿನಿಂದಲೂ ಪಕ್ಕದಿಂದಲೂ ತೆಗೆಸಬೇಕು.

● ಚಿಕಿತ್ಸೆ ಶಸ್ತ್ರಕ್ರಿಯೆಯೇ. ಸಾಮಾನ್ಯವಾಗಿ ಸಣ್ಣ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತಾ ಒಂದು ಟೊಳ್ಳು ಸ್ಕ್ರೂ ಕೂರಿಸಿ ಜಾರುವುದನ್ನು ತಡೆಯುತ್ತಾರೆ. ಜಾರಿದ್ದನ್ನು ಬಲವಂತವಾಗಿ ಎಳೆದು ಕೂರಿಸಿದರೆ ರಕ್ತ ಸಂಚಾರ ನಿಂತು ಮೂಳೆ ಸಾಯುವ ಅಪಾಯವಿದೆ.

● ಕೆಲವರಿಗೆ ಮುಂದೆ ಇನ್ನೊಂದು ಸೊಂಟವೂ ಜಾರುವುದುಂಟು. ಹಾಗಾಗಿ ತಪಾಸಣೆ ತಪ್ಪಿಸಬಾರದು.

● ಬೆಂಗಳೂರಿನ ಚಿಕ್ಕಬಾಣಾವರದವರಿಗೆ ಹೆಸರಘಟ್ಟ ಮುಖ್ಯರಸ್ತೆಯ ಸಪ್ತಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಅಪಘಾತ ಮತ್ತು ಮೂಳೆ ಚಿಕಿತ್ಸೆಗೇ ಮೀಸಲಾದ ಸರ್ಕಾರಿ ಸಂಸ್ಥೆ.

● ಅನುಮಾನ ಬಂದರೆ ಮಗುವನ್ನು ನಡೆಸಬೇಡಿ, ಎಣ್ಣೆ ತಿಕ್ಕಿ ಕಾಯಬೇಡಿ. ಅಂದೇ ಮೂಳೆ ವೈದ್ಯರಿಗೆ ತೋರಿಸಿ.